ಜೌಗಿನ ಬರ್ಚ್: ಕಡಿಯಬೇಕೆ, ಬಿಡಬೇಕೆ?

ಬ್ರಿಟನ್, ಐರ್ಲೆಂಡ್‌ಗಳ ಜೌಗು ನೆಲಗಳಲ್ಲಿ ಚಳಿಗಾಲ ಬಂತೆಂದರೆ ಪರಿಸರ ಕಾರ್ಯಕರ್ತರೇ ಗರಗಸ ಹಿಡಿದು ಮರ ಕಡಿಯಲು ಹೊರಡುತ್ತಾರೆ. ಕಡಿಸಿಕೊಳ್ಳುವುದು ಪರದೇಶದಿಂದ ತಂದು ನೆಟ್ಟ ಮರವೇನಲ್ಲ. ಆ ನೆಲದ್ದೇ ಆದ, ಗಾಳಿಗೆ ಹಾರಿಬಂದ ಬೀಜದಿಂದ ತಾನಾಗಿ ಎದ್ದ ಬರ್ಚ್. ಹಿಮಾಲಯದಲ್ಲಿ ಬೆಳೆಯುವ, ನಮ್ಮ ಪೂರ್ವಿಕರು ತೊಗಟೆಯ ಮೇಲೆ ಗ್ರಂಥ ಬರೆದ ಭೂರ್ಜವೂ ಇದೇ ಕುಲದ್ದು. ವಿಚಿತ್ರವೆಂದರೆ, ಐರೋಪ್ಯ ಒಕ್ಕೂಟದ 1992ರ ಆವಾಸ ನಿರ್ದೇಶನವು ಮರಗಳಿಲ್ಲದ ಬಯಲು ಜೌಗನ್ನು ಆದ್ಯತೆಯ ಆವಾಸವೆಂದು ಕಾಪಾಡುತ್ತದೆ. ಜೌಗಿನಲ್ಲಿ ಬೆಳೆದ ಬರ್ಚ್ ಕಾಡನ್ನೂ ಅದೇ ಪಟ್ಟಿಯಲ್ಲಿ ಆದ್ಯತೆಯ ಆವಾಸವೆಂದೇ ಕಾಪಾಡುತ್ತದೆ. ಒಂದು ಕಡೆ ಕಸವೆನಿಸಿಕೊಂಡ ಮರ ಇನ್ನೊಂದು ಕಡೆ ಆಸ್ತಿ.

ಹಾಗಾದರೆ ಒದ್ದೆ ನೆಲದಲ್ಲಿ ತಾನಾಗಿ ಬೆಳೆಯುವ ಬರ್ಚ್ ಜೌಗಿಗೆ ಶತ್ರುವೋ ಮಿತ್ರನೋ? ಸಸ್ಯವಿಜ್ಞಾನಿಗಳು, ಅರಣ್ಯ ಇಲಾಖೆಗಳು, ಪುರಾತತ್ವಜ್ಞರು, ಹವಾಮಾನ ಅಧ್ಯಯನಕಾರರು ಒಬ್ಬೊಬ್ಬರೂ ಈ ಪ್ರಶ್ನೆಯನ್ನು ತಮ್ಮ ತಮ್ಮ ದಿಕ್ಕಿನಿಂದ ನೋಡಿದ್ದಾರೆ. ಅವರು ಕಂಡದ್ದನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಜಗಳ ಮರದ್ದಲ್ಲ, ನೀರಿನದು ಎಂಬುದು ತಿಳಿಯುತ್ತದೆ.

ಕಾಲು ಒದ್ದೆಯಾದರೂ ಬದುಕುವ ಮರ

ಯುರೋಪಿನಲ್ಲಿ ಮರವಾಗಿ ಬೆಳೆಯುವ ಬರ್ಚ್‌ಗಳು ಮುಖ್ಯವಾಗಿ ಎರಡು. ಬೆಳ್ಳಿ ಬರ್ಚ್ (ಬೆಟುಲಾ ಪೆಂಡ್ಯುಲಾ) ನೀರು ಬಸಿದುಹೋಗುವ ಹಗುರ ಮಣ್ಣನ್ನು ಬಯಸುತ್ತದೆ. ರೋಮ ಬರ್ಚ್ (ಬೆಟುಲಾ ಪ್ಯೂಬೆಸೆನ್ಸ್) ಒದ್ದೆ, ಹುಳಿ, ಚಳಿ ನೆಲಕ್ಕೂ ಸೈ. ಗುರುತಿಸುವುದು ಕಷ್ಟವಲ್ಲ: ಎಳೆಯ ಕಡ್ಡಿಯನ್ನು ಬೆರಳಲ್ಲಿ ಸವರಿದಾಗ ಮೊದಲನೆಯದರಲ್ಲಿ ಪುಟ್ಟ ಪುಟ್ಟ ಗಂಟುಗಳು ತಗಲುತ್ತವೆ, ಎರಡನೆಯದರಲ್ಲಿ ನುಣುಪಾದ ರೋಮ. ಒಳಗಿನ ವ್ಯತ್ಯಾಸ ಇನ್ನೂ ದೊಡ್ಡದು. ಬೆಳ್ಳಿ ಬರ್ಚ್‌ನ ಜೀವಕೋಶದಲ್ಲಿ 28 ವರ್ಣತಂತುಗಳಿದ್ದರೆ ರೋಮ ಬರ್ಚ್‌ನಲ್ಲಿ 56. ಮೂರನೆಯದೂ ಒಂದಿದೆ, ಕುಳ್ಳ ಬರ್ಚ್. ಮೊಣಕಾಲೆತ್ತರದ ಈ ಪೊದೆ ಉತ್ತರದ ಜೌಗು ಮತ್ತು ಟಂಡ್ರಾದ ವಾಸಿ.

ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಕೊರತೆಯಾಗುವುದು ಉಸಿರು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆಮ್ಲಜನಕ ಒಳಗಿಳಿಯುವುದಿಲ್ಲ, ಬೇರು ಕೊಳೆಯುತ್ತದೆ. ರೋಮ ಬರ್ಚ್ ಇದಕ್ಕೆ ಎದುರಾಗಿ ಹೋರಾಡುವುದಿಲ್ಲ, ತಪ್ಪಿಸಿಕೊಳ್ಳುತ್ತದೆ. ಬೇರನ್ನು ಆಳಕ್ಕೆ ಇಳಿಸದೆ ಮೇಲ್ಪದರದಲ್ಲೇ ಹರಡುತ್ತದೆ, ಪಾಚಿಯ ದಿಬ್ಬಗಳ ಮೇಲೆ ನೆಲೆಯೂರುತ್ತದೆ. ಬಿಳಿ ತೊಗಟೆಯ ಮೇಲೆ ಅಡ್ಡಡ್ಡ ಗೆರೆಗಳಂತೆ ಕಾಣುವ ರಂಧ್ರಗಳಿಂದ ಗಾಳಿ ಆಡುತ್ತದೆ. ಹಾಗೆಂದು ಸುಖವಾಗಿ ಬೆಳೆಯುತ್ತದೆ ಎಂದಲ್ಲ. ನಿಜವಾಗಿ ಒದ್ದೆಯಿರುವ ಜೌಗಿನಲ್ಲಿ ಬರ್ಚ್ ಸೊರಗಿ, ವರ್ಷಗಳು ಉರುಳಿದರೂ ಸಣ್ಣದಾಗಿಯೇ ಉಳಿಯುತ್ತದೆ. ಜೌಗಿನಲ್ಲಿ ಬರ್ಚ್ ನೆಟ್ಟಗೆ, ದಟ್ಟವಾಗಿ, ಎತ್ತರಕ್ಕೆ ಬೆಳೆದಿದೆ ಎಂದರೆ ಸಾಮಾನ್ಯವಾಗಿ ಅಲ್ಲಿ ನೀರು ಇಳಿದಿದೆ ಎಂದೇ ಅರ್ಥ.

ಹರಡುವುದರಲ್ಲಿ ಮಾತ್ರ ಇದನ್ನು ಮೀರಿಸುವವರು ಕಡಿಮೆ. ಒಂದೊಂದು ಬೀಜಕ್ಕೂ ಎರಡು ತೆಳು ರೆಕ್ಕೆ. ಒಂದೇ ಗ್ರಾಮಿನಲ್ಲಿ ಸಾವಿರಾರು ಬೀಜ. ಗಾಳಿಗೆ ತೂರಿದ ಹೊಟ್ಟಿನಂತೆ ಹಾರುವ ಅವಕ್ಕೆ ಬೇಕಾದದ್ದು ಎರಡೇ: ಬೆಳಕು ಮತ್ತು ಬರಿ ಮಣ್ಣು. ಹಿಮಯುಗ ಮುಗಿದು ಮಂಜುಗಡ್ಡೆ ಹಿಂದೆ ಸರಿದಾಗ ಉತ್ತರ ಯುರೋಪಿನ ಬೋಳು ನೆಲಕ್ಕೆ ಮೊದಲು ಕಾಲಿಟ್ಟ ಮರಗಳಲ್ಲಿ ಬರ್ಚ್ ಒಂದಾದದ್ದು ಈ ಗುಣದಿಂದಲೇ. ಐಸ್‌ಲೆಂಡಿನಲ್ಲಿ ತಾನಾಗಿ ಕಾಡಾಗಿ ಬೆಳೆಯುವ ಮರ ಇವತ್ತಿಗೂ ರೋಮ ಬರ್ಚ್ ಒಂದೇ.

ಪೀಟ್ ಎಂಬ ನಿಧಾನದ ನೆಲ

ಜಗಳದ ಇನ್ನೊಂದು ಪಕ್ಷ ಜೌಗು ನೆಲ. ಇಲ್ಲಿ ಹೇಳುತ್ತಿರುವುದು ಕೆರೆಯಂಚಿನ ಕೆಸರಿನ ಮಾತಲ್ಲ, ಪೀಟ್ ಜೌಗಿನದು. ಇದನ್ನು ಕಟ್ಟುವ ಜೀವಿ ಸ್ಫ್ಯಾಗ್ನಮ್ ಎಂಬ ಪಾಚಿ. ಅದು ತನ್ನ ಒಣ ತೂಕದ ಇಪ್ಪತ್ತು ಪಟ್ಟಿನಷ್ಟು ನೀರನ್ನು ಹಿಡಿದಿಡಬಲ್ಲದು; ಒಂದು ಹಿಡಿ ಕಿತ್ತು ಹಿಂಡಿದರೆ ಬೆರಳ ಸಂದಿಯಿಂದ ನೀರು ಸುರಿಯುತ್ತದೆ. ಸುತ್ತಲಿನ ನೀರನ್ನು ಅದು ಹುಳಿಯಾಗಿಸುತ್ತದೆ. ಹುಳಿ, ಚಳಿ, ಆಮ್ಲಜನಕದ ಅಭಾವ ಮೂರೂ ಕೂಡಿದ ಕಡೆ ಸತ್ತ ಪಾಚಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡುತ್ತದೆ. ಅದೇ ಪೀಟ್. ಅದು ಬೆಳೆಯುವ ವೇಗ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಹತ್ತು ಮೀಟರ್ ಆಳದ ಪೀಟ್ ಎಂದರೆ ಹತ್ತು ಸಾವಿರ ವರ್ಷದ ಗಳಿಕೆ.

ಭೂಮಿಯ ನೆಲಭಾಗದಲ್ಲಿ ಶೇಕಡಾ 3ರಷ್ಟು ಮಾತ್ರ ಇರುವ ಈ ಪೀಟ್ ನೆಲಗಳು ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲವನ್ನು ಅಡಗಿಸಿಟ್ಟುಕೊಂಡಿವೆ. ನೀರು ಇರುವವರೆಗೆ ಆ ಇಂಗಾಲ ಭದ್ರ. ನೀರು ಇಳಿದು ಗಾಳಿ ಹೊಕ್ಕಿತೋ, ಪೀಟ್ ಕೊಳೆಯತೊಡಗುತ್ತದೆ, ಕಾರ್ಬನ್ ಡೈಆಕ್ಸೈಡ್ ಆಗಿ ಆಕಾಶ ಸೇರುತ್ತದೆ. ಬರ್ಚ್‌ನ ಪ್ರಶ್ನೆ ಬರೀ ಹೂಗಿಡ, ಹಕ್ಕಿಗಳ ಪ್ರಶ್ನೆಯಾಗಿ ಉಳಿಯದೆ ಹವಾಮಾನದ ಪ್ರಶ್ನೆಯಾಗಿ ಬೆಳೆದದ್ದು ಇದರಿಂದ.

ಮನುಷ್ಯನಿಗಿಂತ ಮುಂಚೆ

ಜೌಗಿಗೆ ಬರ್ಚ್ ಬರುವುದು ಇತ್ತೀಚಿನ ಕೇಡೇ? ಅಲ್ಲ. ಸ್ಕ್ಯಾಂಡಿನೇವಿಯಾದ ಪೀಟ್ ಹಳ್ಳಗಳಲ್ಲಿ ಪಾಚಿಯ ಪದರಗಳ ನಡುವೆ ಮರದ ಬೊಡ್ಡೆಗಳ ಸಾಲು ಸಿಗುವುದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಗಮನಿಸಲಾಗಿತ್ತು. ನಾರ್ವೆಯ ಆಕ್ಸೆಲ್ ಬ್ಲಿಟ್ 1876ರಲ್ಲಿ ಇದನ್ನು ಓದಿದ ಬಗೆ ಹೀಗೆ: ಒಣ ಕಾಲದಲ್ಲಿ ಜೌಗಿನ ಮೇಲೆ ಮರ ಹತ್ತಿತು, ಮಳೆಯ ಕಾಲ ಮರಳಿದಾಗ ಪಾಚಿ ಮರವನ್ನು ಮುಳುಗಿಸಿತು. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ಪೀಟ್ ಪದರಗಳ ಪರಾಗಕಣಗಳನ್ನು ಎಣಿಸಿ ಹಳೆಯ ಕಾಡುಗಳ ಚರಿತ್ರೆ ಬರೆಯುವ ವಿಧಾನವನ್ನು ಮುಂದಿಟ್ಟ ಮೇಲೆ ಚಿತ್ರ ಇನ್ನಷ್ಟು ವಿವರವಾಯಿತು. ಬ್ಲಿಟ್ ಊಹಿಸಿದಷ್ಟು ಅಚ್ಚುಕಟ್ಟಾಗಿ ಹವೆ ಬದಲಾಗಲಿಲ್ಲ ಎಂಬುದು ಆಮೇಲೆ ತಿಳಿಯಿತು. ಆದರೂ ಮೂಲ ಮಾತು ನಿಂತಿದೆ: ನೀರು ತಗ್ಗಿದಾಗ ಮರ, ಏರಿದಾಗ ಪಾಚಿ.

ಮನುಷ್ಯನೂ ಈ ಒದ್ದೆ ಬರ್ಚ್ ಕಾಡುಗಳ ಹಳೆಯ ನಂಟ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಸ್ಟಾರ್ ಕಾರ್‌ನಲ್ಲಿ 1949ರಿಂದ 51ರವರೆಗೆ ಗ್ರಹಾಂ ಕ್ಲಾರ್ಕ್ ಅಗೆದಾಗ ಸುಮಾರು ಹನ್ನೊಂದು ಸಾವಿರ ವರ್ಷ ಹಿಂದಿನ ಬೇಟೆಗಾರರ ನೆಲೆ ಸಿಕ್ಕಿತು. ಅಂದಿನ ಕೆರೆಯ ಜೊಂಡಿನ ಅಂಚಿನಲ್ಲಿ ಬರ್ಚ್ ಕೊಂಬೆಗಳನ್ನು ಹಾಸಲಾಗಿತ್ತು, ಸುರುಳಿ ಸುತ್ತಿದ ಬರ್ಚ್ ತೊಗಟೆಗಳಿದ್ದವು. ಡೆನ್ಮಾರ್ಕಿನ ಲೋಲಾಂಡ್ ದ್ವೀಪದ ಸಿಲ್ಟ್‌ಹೋಮ್‌ನಲ್ಲಿ ಸಿಕ್ಕ, 5,700 ವರ್ಷ ಹಿಂದೆ ಯಾರೋ ಅಗಿದು ಉಗಿದ ಬರ್ಚ್ ಅಂಟಿನ ಉಂಡೆಯಿಂದ ವಿಜ್ಞಾನಿಗಳು 2019ರಲ್ಲಿ ಅದನ್ನು ಅಗಿದ ಹೆಂಗಸಿನ ಪೂರ್ಣ ಜೀನೋಮನ್ನೇ ಓದಿದರು. ರಷ್ಯಾದ ನವ್‌ಗೊರೊದ್‌ನಲ್ಲಿ 1951ರ ಜುಲೈ 26ರಂದು ಮೊದಲ ಬರ್ಚ್ ತೊಗಟೆಯ ಪತ್ರ ಮಣ್ಣಿನಿಂದ ಎದ್ದಿತು; ಈಗ ಅಂಥವು 1,100ಕ್ಕೂ ಹೆಚ್ಚು. ಸಾಲದ ತಗಾದೆ, ಮದುವೆಯ ಮಾತು, ಹದಿಮೂರನೇ ಶತಮಾನದ ಒನ್ಫಿಮ್ ಎಂಬ ಹುಡುಗನ ಅಕ್ಷರಾಭ್ಯಾಸ, ಜೊತೆಗೆ ಅವನೇ ಗೀಚಿದ ಕುದುರೆ ಸವಾರ.

ಇವೆಲ್ಲ ಉಳಿದದ್ದು ಗಾಳಿ ತಾಕದ ಒದ್ದೆ ಮಣ್ಣಿನಿಂದ. ನೀರು ಹೋದರೆ ಏನಾಗುತ್ತದೆ ಎಂಬುದಕ್ಕೂ ಸ್ಟಾರ್ ಕಾರ್ ಸಾಕ್ಷಿ. ಸುತ್ತಲ ಹೊಲಗಳ ನೀರು ಬಸಿದ ಮೇಲೆ ಪೀಟ್ ಒಣಗಿ ತೀವ್ರ ಹುಳಿಯಾಯಿತು. ಈ ಶತಮಾನದಲ್ಲಿ ಮತ್ತೆ ಅಗೆದವರಿಗೆ ಕೆಲವು ಎಲುಬುಗಳು ಗಟ್ಟಿತನ ಕಳೆದುಕೊಂಡು ಮೆತ್ತಗಾಗಿ ಸಿಕ್ಕವು.

ಬಸಿಗಾಲುವೆ ತಂದ ಕಾಡು

ಹಿಂದೆ ಹವೆ ಮಾಡಿದ್ದನ್ನು ಕಳೆದ ಇನ್ನೂರು ವರ್ಷಗಳಲ್ಲಿ ಬಸಿಗಾಲುವೆ ಮಾಡಿತು. ಇದನ್ನು ಕಣ್ಣಾರೆ ಕಾಣಲು ಇಂಗ್ಲೆಂಡಿನ ಕೇಂಬ್ರಿಜ್‌ಶೈರ್‌ನ ಹೋಮ್ ಫೆನ್‌ಗಿಂತ ಒಳ್ಳೆಯ ಜಾಗವಿಲ್ಲ. ಅದರ ಪಕ್ಕದಲ್ಲಿ ವಿಟಲ್ಸೀ ಮಿಯರ್ ಎಂಬ ವಿಶಾಲ ಕೆರೆಯಿತ್ತು. 1851ರಲ್ಲಿ, ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಹೆಸರು ಮಾಡಿದ್ದ ಆಪಲ್ಡ್ ಪಂಪನ್ನು ತಂದು ಕೆರೆಯ ನೀರನ್ನೆಲ್ಲ ಹೊರಹಾಕಿದರು. ನೀರು ಹೋದರೆ ಪೀಟ್ ಕುಸಿಯುತ್ತದೆಂದು ಬಲ್ಲ ಭೂಮಾಲೀಕರು ಒಂದು ಕಂಬವನ್ನು ಪೀಟ್‌ನ ಅಡಿಯ ಜೇಡಿಮಣ್ಣಿಗೆ ಊರಿಸಿ, ಅದರ ತಲೆ ನೆಲಮಟ್ಟಕ್ಕೆ ಸರಿಯಾಗುವಂತೆ ನಿಲ್ಲಿಸಿದರು. ಕಂಬ ಅಲ್ಲಾಡಲಿಲ್ಲ, ನೆಲ ಇಳಿಯಿತು. ಮೊದಲ ದಶಕಗಳಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ಇಳಿದು, ಈಗ ಕಂಬದ ತಲೆ ನಿಂತವರ ತಲೆಯ ಮೇಲೆ, ಸುಮಾರು 4 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟಕ್ಕಿಂತ 2.75 ಮೀಟರ್ ಕೆಳಗಿರುವ ಈ ಜಾಗ ಇಂದು ಬ್ರಿಟನ್ನಿನ ಅತಿ ತಗ್ಗಿನ ನೆಲ.

ಕಂಬದ ಸುತ್ತ ಬೆಳೆದು ನಿಂತಿರುವುದು ಬರ್ಚ್ ಕಾಡು. ಬ್ರಿಟನ್ನಿನ ತಗ್ಗು ಪ್ರದೇಶದ ಅತ್ಯುತ್ತಮ ಬೆಳ್ಳಿ ಬರ್ಚ್ ವನವೆಂದು ಅದಕ್ಕೆ ಹೆಸರು. ನೋಡಲು ಬಲು ಸೊಗಸು, ಈಗ ರಾಷ್ಟ್ರೀಯ ನಿಸರ್ಗಧಾಮ ಕೂಡ. ಆದರೆ ಒದ್ದೆ ಸಹಿಸುವ ರೋಮ ಬರ್ಚ್ ಅಲ್ಲ, ಒಣ ಮಣ್ಣು ಬಯಸುವ ಬೆಳ್ಳಿ ಬರ್ಚ್ ಅಲ್ಲಿ ದಟ್ಟವಾಗಿದೆ ಎಂಬುದೇ ಕೆಳಗಿನ ಪೀಟ್‌ನ ಸ್ಥಿತಿಯನ್ನು ಹೇಳುತ್ತದೆ.

ಫಿನ್‌ಲೆಂಡ್ ಇದೇ ಕೆಲಸವನ್ನು ದೇಶದ ಮಟ್ಟದಲ್ಲಿ ಮಾಡಿತು. ಮರದ ದಿಮ್ಮಿ ಮತ್ತು ಕಾಗದದ ತಿರುಳಿಗಾಗಿ ತನ್ನ ಪೀಟ್ ನೆಲದ ಸುಮಾರು ಅರ್ಧದಷ್ಟನ್ನು, ಅಂದರೆ 50 ಲಕ್ಷ ಹೆಕ್ಟೇರಿನ ಆಸುಪಾಸು, ಕಾಲುವೆ ಹೊಡೆದು ಬಸಿದಿತು. 1960, 70ರ ದಶಕಗಳು ಇದರ ಉಚ್ಛ್ರಾಯ. ಬೇಕಾದದ್ದು ಪೈನ್, ಸ್ಪ್ರೂಸ್. ಜೊತೆಗೆ ಕರೆಯದೇ ಬಂದದ್ದು ರೋಮ ಬರ್ಚ್. ಅರಣ್ಯ ಬೆಳೆಗಾರರು ಅದನ್ನು ಪೂರ್ತಿ ತಿರಸ್ಕರಿಸಲಿಲ್ಲ. ಎಳೆಯ ಸ್ಪ್ರೂಸ್ ಸಸಿಗೆ ಹಿಮದ ಹೊಡೆತದಿಂದ ಅದು ಮರೆಯಾಗುತ್ತದೆ, ಕೊನೆಗೆ ತಿರುಳಿಗೋ ಉರುವಲಿಗೋ ಆಗುತ್ತದೆ.

ಐರ್ಲೆಂಡಿನದು ಇನ್ನೊಂದು ಬಗೆ. 1946ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಬೋರ್ಡ್ ನ ಮೋನ ವಿದ್ಯುತ್ತಿಗೂ ಒಲೆಗೂ ಪೀಟನ್ನು ಯಂತ್ರದಿಂದ ಹೆರೆದು ತೆಗೆಯಿತು. 2021ರ ಜನವರಿಯಲ್ಲಿ ಪೀಟ್ ತೆಗೆಯುವುದನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಹೆರೆದು ಬಿಟ್ಟ ಕಪ್ಪು ಬಯಲುಗಳಿಗೆ ಮೊದಲು ಬರುವವರ ಸಾಲಿನಲ್ಲಿ ಮತ್ತೆ ಬರ್ಚ್ ಇದೆ.

ಕಾಲುವೆಯ ಜೊತೆಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ವಾಹನದ ಹೊಗೆ ಮತ್ತು ಕೊಟ್ಟಿಗೆಗಳ ಅಮೋನಿಯದಿಂದ ಸಾರಜನಕ ಮಳೆಯೊಡನೆ ಜೌಗಿಗೆ ಇಳಿಯುತ್ತದೆ. ಮಳೆನೀರನ್ನೇ ನಂಬಿದ ಬಡ ನೆಲಕ್ಕೆ ಇದು ಬೇಡದ ಗೊಬ್ಬರ. ಡಚ್ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸಾರಜನಕ ಹೆಚ್ಚಿದ ಕಡೆ ಬರ್ಚ್ ಮತ್ತು ಒರಟು ಹುಲ್ಲಿನ ಬೆಳವಣಿಗೆ ಚುರುಕಾಯಿತು.

ಕಡಿಯುವವರ ವಾದ

ಬರ್ಚ್ ನೀರಿಳಿದ ಗುರುತು ಮಾತ್ರವಲ್ಲ, ಒಮ್ಮೆ ಬೇರೂರಿದ ಮೇಲೆ ನೀರನ್ನು ಇನ್ನಷ್ಟು ಇಳಿಸುತ್ತದೆ ಎಂಬುದು ಕಡಿಯುವವರ ವಾದ. ಎಲೆಗಳಿಂದ ನೀರು ಆವಿಯಾಗುತ್ತದೆ. ಬಿದ್ದ ಮಳೆಯಲ್ಲಿ ಒಂದಂಶ ಎಲೆಯ ಮೇಲೆಯೇ ಉಳಿದು ಗಾಳಿಗೆ ಹೋಗುತ್ತದೆ. ನೆರಳು ಬಿದ್ದು ಸ್ಫ್ಯಾಗ್ನಮ್ ಸೊರಗುತ್ತದೆ. ಉದುರಿದ ಎಲೆ ಕೊಳೆತು ಬಡ ನೆಲಕ್ಕೆ ಸಾರ ಕೂಡಿಸುತ್ತದೆ. ಬೇರು ಹಾದ ಕಡೆ ಗಾಳಿ ಹೊಕ್ಕು ಪೀಟ್ ಕೊಳೆಯುತ್ತದೆ. ಒಂದು ಬರ್ಚ್ ಬೀಜ ಮಾಡುವ ಹೊತ್ತಿಗೆ ಸುತ್ತ ನೂರು ಸಸಿ. ಈ ವಾದದ ಒಂದೊಂದು ಕೊಂಡಿಗೂ ಆಧಾರವಿದೆ, ಅಲ್ಲಗಳೆಯುವಂತಿಲ್ಲ.

ತೊಡಕಿರುವುದು ಪರಿಹಾರದಲ್ಲಿ. ಕಡಿದ ಬರ್ಚ್ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ, ಒಂದು ಕಾಂಡವಿದ್ದಲ್ಲಿ ನಾಲ್ಕಾರು. ಅದಕ್ಕಾಗಿ ಬೊಡ್ಡೆಗೆ ಕಳೆನಾಶಕ ಬಳಿಯುತ್ತಾರೆ, ಕುರಿ ಮೇಯಿಸುತ್ತಾರೆ, ಸ್ವಯಂಸೇವಕರು ಕೂತು ಸಸಿ ಕೀಳುತ್ತಾರೆ. ನೀರು ಹಾಗೆಯೇ ಬಸಿಯುತ್ತಿದ್ದರೆ ಕೆಲವು ವರ್ಷದಲ್ಲಿ ಮತ್ತದೇ ಕೆಲಸ. ಸ್ಕಾಟ್ಲೆಂಡಿನ ಉತ್ತರದ ಫ್ಲೋ ಕಂಟ್ರಿಯ ಅನುಭವ ಇಲ್ಲಿ ಪಾಠ ಹೇಳುತ್ತದೆ. 1980ರ ದಶಕದಲ್ಲಿ ತೆರಿಗೆ ವಿನಾಯಿತಿಯ ಆಸೆಗೆ ಆ ಜೌಗನ್ನು ಉತ್ತು ಸ್ಪ್ರೂಸ್, ಪೈನ್ ನೆಟ್ಟಿದ್ದರು. 1988ರ ಬಜೆಟ್ ಆ ವಿನಾಯಿತಿಯನ್ನು ಕಿತ್ತುಹಾಕಿತು. ಮುಂದೆ ಮರ ಕಡಿದು ಜೌಗನ್ನು ಮರಳಿಸಲು ಹೊರಟವರಿಗೆ ದೊಡ್ಡ ಕಾಲುವೆಗಳನ್ನು ಮುಚ್ಚಿದ್ದು ಮಾತ್ರ ಸಾಲದಾಯಿತು, ನೇಗಿಲಿನ ಸಾಲುಗಳನ್ನೂ ಮುಚ್ಚಬೇಕಾಯಿತು. 2024ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನೀರು ಮೇಲಕ್ಕೆ ಬಂದ ಕಡೆ ಗರಗಸದ ಅರ್ಧ ಕೆಲಸವನ್ನು ಪಾಚಿಯೇ ಮಾಡುತ್ತದೆ. ಬೇರು ಮುಳುಗಿದ ಬರ್ಚ್ ಹಳದಿಗಟ್ಟಿ ನಿಂತಲ್ಲೇ ಸಾಯುತ್ತದೆ. ಹೊಸ ಸಸಿ ಮೇಲೇಳುವ ಮೊದಲೇ ಸ್ಫ್ಯಾಗ್ನಮ್ ಅದನ್ನು ಮೀರಿ ಬೆಳೆಯುತ್ತದೆ.

ಬಿಡುವವರ ವಾದ

ಬರ್ಚ್ ಪರವಾದ ವಾದವೂ ಹಗುರವಲ್ಲ. ಐರ್ಲೆಂಡಿನ ಆಫಲಿ ಜಿಲ್ಲೆಯ ಕ್ಲಾರಾ ಜೌಗಿನಂಥ ಕಡೆ, ನೀರು ತುಂಬಿಯೇ ಇರುವ ತಾವಿನಲ್ಲಿ, ಕಾಲಡಿ ಸ್ಫ್ಯಾಗ್ನಮ್, ತಲೆಯ ಮೇಲೆ ಬರ್ಚ್ ಒಟ್ಟಿಗೆ ಬಾಳುತ್ತಿವೆ. ಅಲ್ಲಿನ ಬರ್ಚ್ ಒಣಗಿದ ಜೌಗಿನ ಗುರುತಲ್ಲ. ಪಕ್ಕದ ನೆಲದಿಂದ ಖನಿಜ ಬೆರೆತ ನೀರು ಜಿನುಗುವುದರಿಂದ ಹುಟ್ಟಿದ ಬೇರೆಯೇ ಒಂದು ಲೋಕ. ಐರೋಪ್ಯ ಕಾನೂನು ಕಾಪಾಡ ಹೊರಟದ್ದು ಇಂಥದ್ದನ್ನು. ಇಂಥ ಕಡೆ ಕೊಡಲಿ ಎತ್ತುವುದು ಅಪರಾಧವೇ ಸರಿ.

ಪೀಟ್ ಜೌಗಿನ ಆಚೆ ನೋಡಿದರೆ ಬರ್ಚ್ ಮತ್ತು ನೀರಿನ ಸಂಬಂಧ ಇನ್ನೂ ಸಲೀಸು. ಪಶ್ಚಿಮ ಸೈಬೀರಿಯದ ಬರಾಬಾ ಹುಲ್ಲುಬಯಲಿನಲ್ಲಿ ಹಿಮ ಕರಗಿದ ನೀರು ನಿಲ್ಲುವ ತಗ್ಗುಗಳಲ್ಲೇ ಬರ್ಚ್ ತೋಪುಗಳು ದ್ವೀಪಗಳಂತೆ ಎದ್ದಿವೆ. ಅಮೆರಿಕದ ಆಗ್ನೇಯ ಭಾಗದ ನದಿ ಬರ್ಚ್ ಇನ್ನೂ ಜಾಣ. ಉಳಿದ ಬರ್ಚ್‌ಗಳ ಬೀಜ ಬೇಸಿಗೆಯ ಕೊನೆಗೋ ಶರತ್ಕಾಲಕ್ಕೋ ಮಾಗಿದರೆ, ಇದರ ಬೀಜ ವಸಂತದ ಕೊನೆಗೇ ಮಾಗುತ್ತದೆ. ನೆರೆ ಇಳಿದು ಹೊಸ ಮೆಕ್ಕಲು ತೆರೆದುಕೊಂಡ ಹೊತ್ತಿಗೆ ಸರಿಯಾಗಿ ಉದುರುತ್ತದೆ. ಇಲ್ಲೆಲ್ಲ ಬರ್ಚ್ ನುಸುಳಿ ಬಂದದ್ದಲ್ಲ, ಮನೆಯ ಒಡೆಯ.

ಪೀಟ್ ತೆಗೆದು ಮುಗಿದ ಐರಿಷ್ ಬಯಲುಗಳಲ್ಲೂ ಇದೇ ಪ್ರಶ್ನೆ. ಮತ್ತೆ ನೀರು ನಿಲ್ಲಿಸಲು ಆಗದಷ್ಟು ಹೆರೆದುಹೋದ ಕಡೆ ಬರಿ ಕಪ್ಪು ಪುಡಿ ಗಾಳಿಗೆ ಹಾರುವುದಕ್ಕಿಂತ ಬರ್ಚ್ ಕಾಡು ಎಷ್ಟೋ ವಾಸಿ.

ಮರವಾದರೆ ಸಾಕೆ?

ಹವಾಮಾನದ ಲೆಕ್ಕ ಈ ಚರ್ಚೆಗೆ ಹೊಸ ಬಿಸಿ ತಂದಿದೆ. ಮರ ಇಂಗಾಲ ಹೀರುತ್ತದೆ, ಆದ್ದರಿಂದ ಬರ್ಚ್ ಬೆಳೆಯಲಿ ಎನ್ನುವವರಿಗೆ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ನೀನಾ ಫ್ರಿಗೆನ್ಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಎಚ್ಚರಿಕೆ. ಸ್ಕಾಟ್ಲೆಂಡಿನ ಹೀದರ್ ಪೊದೆಗಳ ಬಯಲಿನಲ್ಲಿ, ಇಂಗಾಲ ತುಂಬಿದ ಮಣ್ಣಿನಲ್ಲಿ, ರೋಮ ಬರ್ಚ್ ಮತ್ತು ಸ್ಕಾಟ್ಸ್ ಪೈನ್ ನೆಟ್ಟ ತಾಕುಗಳನ್ನು ಅವರು 12 ಮತ್ತು 39 ವರ್ಷಗಳ ನಂತರ ಅಳೆದರು. ಮರ ಮೈದುಂಬಿತ್ತು, ಮಣ್ಣು ಇಂಗಾಲ ಕಳೆದುಕೊಂಡಿತ್ತು. 39 ವರ್ಷವಾದರೂ ಒಟ್ಟು ಲೆಕ್ಕದಲ್ಲಿ ಲಾಭ ಕಾಣಲಿಲ್ಲ. ಬ್ರಿಟನ್ನಿನ ಅರಣ್ಯ ಮಾನದಂಡ 50 ಸೆಂಟಿಮೀಟರಿಗಿಂತ ಆಳದ ಪೀಟ್ ಮೇಲೆ ಹೊಸ ಕಾಡು ಬೆಳೆಸಬೇಡಿ ಎನ್ನುವುದು ಸುಮ್ಮನಲ್ಲ.

ಇನ್ನೊಂದು ಅಚ್ಚರಿ ಮೀಥೇನ್‌ನದು. ಗಾಳಿಯಿಲ್ಲದ ಮಣ್ಣಿನಲ್ಲಿ ಹುಟ್ಟುವ ಈ ಅನಿಲ ಕಾಂಡದ ಮೂಲಕವೂ ಹೊರಬೀಳುತ್ತದೆಂದು ಇಂಗ್ಲೆಂಡಿನ ಒದ್ದೆ ಕಾಡೊಂದರ ರೋಮ ಬರ್ಚ್ ಮತ್ತು ಆಲ್ಡರ್ ಮರಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗೆಂದು ಜೌಗಿಗೆ ನೀರು ಮರಳಿಸುವುದನ್ನು ಯಾರೂ ಕೈಬಿಟ್ಟಿಲ್ಲ. ಮೀಥೇನ್ ಒಂದೆರಡು ದಶಕಗಳಲ್ಲಿ ಬಹುಮಟ್ಟಿಗೆ ಗಾಳಿಯಿಂದ ಕಳೆಯುತ್ತದೆ, ಒಣಗಿದ ಪೀಟ್‌ನಿಂದ ಎದ್ದ ಕಾರ್ಬನ್ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತದೆ.

ನಮಗೇನು ನಂಟು?

ಕರ್ನಾಟಕದಲ್ಲಿ ಬರ್ಚ್ ತಾನಾಗಿ ಬೆಳೆಯುವುದಿಲ್ಲ. ಇಲ್ಲಿನ ಹಳೆಯ ಗ್ರಂಥಗಳು ತಾಳೆಗರಿಯವು. ದೇಶದ ಮಟ್ಟಿಗೆ ನೋಡಿದರೆ ಗೋಮುಖದ ದಾರಿಯ ಭೋಜ್‌ಬಾಸಾಕ್ಕೆ ಹೆಸರು ಕೊಟ್ಟದ್ದೇ ಭೂರ್ಜ. ಯಾತ್ರಿಕರ ಒಲೆಗೆ ಆಹುತಿಯಾಗಿ ಬರಿದಾದ ಆ ತಪ್ಪಲಲ್ಲಿ ಪರ್ವತಾರೋಹಿ ಹರ್ಷವಂತಿ ಬಿಷ್ಟ್ ತೊಂಬತ್ತರ ದಶಕದಿಂದ ಭೂರ್ಜದ ಸಸಿ ಬೆಳೆಸಿ ನೆಟ್ಟರು. ಅಲ್ಲಿ ಬರ್ಚ್ ನೆಡುವುದು ಪುಣ್ಯದ ಕೆಲಸ, ಸ್ಕಾಟ್ಲೆಂಡಿನ ಪೀಟ್ ಮೇಲೆ ನೆಡುವುದು ನಷ್ಟದ ಕೆಲಸ. ಹಿಮಾಲಯದ ಭೂರ್ಜಕ್ಕೂ ನೀರೇ ಮುಖ್ಯ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ತೇವ ಸಾಲದ ವರ್ಷ ಅದರ ಬೆಳವಣಿಗೆಯ ಉಂಗುರ ಕಿರಿದಾಗುತ್ತದೆಂದು ನೇಪಾಳದಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ.

ನೇರವಾದ ನಂಟು ಇರುವುದು ತೆಂಗಿನ ಸೀಮೆಯಲ್ಲಿ. ಪೀಟ್ ಅಗೆಯಲು ಇಂಧನದ ಜೊತೆಗೆ ಇನ್ನೊಂದು ದೊಡ್ಡ ಕಾರಣ ಹೂದೋಟ ಮತ್ತು ನರ್ಸರಿ. ಕುಂಡಕ್ಕೆ ತುಂಬುವ ಮಿಶ್ರಣದಲ್ಲಿ ಪೀಟ್ ಬದಲು ಈಗ ಬಳಕೆಗೆ ಬಂದಿರುವ ಮುಖ್ಯ ವಸ್ತುಗಳಲ್ಲಿ ಒಂದು ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಹುಡಿ. ಅದು ಹೋಗುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾದಿಂದ. ಇಂಗ್ಲೆಂಡಿನಲ್ಲಿ ತೋಟದ ಬಳಕೆಗೆ ಪೀಟ್ ಮಾರುವುದನ್ನು 2024ರ ಹೊತ್ತಿಗೆ ನಿಲ್ಲಿಸುವುದಾಗಿ ಬ್ರಿಟನ್ ಸರ್ಕಾರ ಘೋಷಿಸಿತ್ತು, ಕಾನೂನು ಆ ಹೊತ್ತಿಗೆ ಬರಲಿಲ್ಲ. ಬಂದರೆ ಅದರ ಪರಿಣಾಮ ನಮ್ಮ ನಾರಿನ ಕಾರ್ಖಾನೆಗಳ ಅಂಗಳದವರೆಗೂ ಮುಟ್ಟುತ್ತದೆ.

ತೀರ್ಮಾನ

ಇಷ್ಟನ್ನೂ ತೂಗಿ ನೋಡಿದರೆ ಒಂದು ಕ್ರಮ ಕಾಣುತ್ತದೆ. ಬರ್ಚ್ ಕಂಡ ಕೂಡಲೇ ಮೊದಲು ಹುಡುಕಬೇಕಾದದ್ದು ಕಾಲುವೆ. ಇದ್ದರೆ ಅದನ್ನು ಮುಚ್ಚಬೇಕು, ನೀರನ್ನು ನೆಲಮಟ್ಟಕ್ಕೆ ತರಬೇಕು, ಆಮೇಲೂ ಮರ ಅಡ್ಡಿಯಾದರೆ ಕಡಿಯಬೇಕು. ನೀರು ತುಂಬಿಯೇ ಇದ್ದು, ಪಾಚಿ ಆರೋಗ್ಯವಾಗಿದ್ದು, ಬರ್ಚ್ ಜೊತೆಗೆ ಬಾಳುತ್ತಿದ್ದರೆ ಮುಟ್ಟಬಾರದು. ಆಳ ಪೀಟ್ ಮೇಲೆ ಹೊಸದಾಗಿ ನೆಡಲಂತೂ ಬಾರದು. ಬರಿ ಕಡಿತದಿಂದ ಜೌಗು ಉಳಿಯುವುದಿಲ್ಲ, ಬರಿ ನೆಡುತೋಪಿನಿಂದ ಹವೆ ಸುಧಾರಿಸುವುದಿಲ್ಲ.

ಖಾಲಿ ಕಂಡಲ್ಲೆಲ್ಲ ಗಿಡ ನೆಡುವ ಉತ್ಸಾಹ ನಮ್ಮಲ್ಲೂ ಕಡಿಮೆಯಿಲ್ಲ. ಕೆರೆಯಂಗಳ, ಗೋಮಾಳ, ಮಲೆನಾಡಿನ ಬೋಳುಗುಡ್ಡ ಯಾವುದಾದರೂ ಸರಿ, ವನಮಹೋತ್ಸವದ ಗುಂಡಿ ತೋಡುವ ಮೊದಲು ಆ ನೆಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಂದು ಮಳೆಗಾಲವಾದರೂ ನೋಡಿ.